ಸಂಬಳಗಾರರ ಕೇರಿಯಿಂದ ಬಂದ ಉತ್ತರ

"ಕೇಳ್ರಪ್ಪೋ ಕೇಳಿ. ಹೊಂಗಲೂರಿನ ದೊರೆ ಧೀರಸೇನ ಮಹಾಸ್ವಾಮಿಗಳು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವರಿಗೆ ರಾಜಕುಮಾರಿಯ ಕೈ, ಅದು ಬೇಡವೆಂದರೆ ಕೇಳಿದ ಒಂದು ವರ. ತಪ್ಪಿದವರಿಗೆ ತಲೆದಂಡ."

ಡಂಗುರದವನು ಮುಂದಿನ ಕೇರಿಗೆ ಹೋದ ಮೇಲೂ ದ್ಯಾವಣ್ಣ ಬಾಗಿಲಲ್ಲೇ ನಿಂತಿದ್ದ. ಅರಮನೆಯಲ್ಲಿ ಗಳಿಗೆ ಬಟ್ಟಲು ಮುಳುಗಿದಾಗಲೆಲ್ಲ ಜಾಗಟೆ ಬಾರಿಸಿ ಹೊತ್ತು ಸಾರುವುದು ಅವನ ಕೆಲಸ. ತಿಂಗಳಿಗೆ ಹನ್ನೆರಡು ವರಹ ಸಂಬಳ. ಹನ್ನೆರಡರವರೆಗೆ ಕಂದಾಯವಿರಲಿಲ್ಲ. ದಸರೆಯಲ್ಲಿ ದೊರೆ ಮೆಚ್ಚಿ ಒಂದು ವರಹ ಏರಿಸಿದ. ಹದಿಮೂರಾಯಿತು. ಹದಿಮೂರಕ್ಕೆ ಎರಡು ವರಹ ಕಂದಾಯ. ಕೈಗೆ ಬಂದದ್ದು ಹನ್ನೊಂದು.

ಒಳಗೆ ಅವನ ಅಪ್ಪ ಲಕ್ವ ಹೊಡೆದು ಮಲಗಿದ್ದ. ಎಣ್ಣೆ ತಿಕ್ಕುವುದನ್ನು ಯುಗಾದಿಗೆ ಮುಂಚೆ ನಿಲ್ಲಿಸಿದರೆ ಬಲಗೈ ಮತ್ತೆ ಏಳುವುದಿಲ್ಲ ಎಂದಿದ್ದರು ವೈದ್ಯರು. ಕಾಯಿಲೆಯ ಖರ್ಚು ತೋರಿಸಿದರೆ ಕಂದಾಯ ಬಿಡುತ್ತೇವೆ ಎಂಬ ನಿಯಮವೇನೋ ಇತ್ತು. ಅವನ ತಾಯಿ ನಿಂಗಾಜಮ್ಮ ಯಾವ ದಿನ ಎಷ್ಟು ಎಣ್ಣೆ, ಯಾವ ಬೇರು, ಎಷ್ಟು ಹಣ ಎಂದು ಕಡತದಲ್ಲಿ ದುಂಡಗೆ ಬರೆದಿಟ್ಟಿದ್ದಳು. ಕಂದಾಯದ ಕರಣಿಕ ಅದನ್ನು ತೆರೆದೂ ನೋಡಲಿಲ್ಲ.

"ನಿಮ್ಮವ್ವ ಬರೆದದ್ದು ಲೆಕ್ಕವಲ್ಲ ಕಣಯ್ಯ. ವೈದ್ಯರ ಚೀಟಿ ತಾ."

ವೈದ್ಯರು ನಕ್ಕರು. "ಚೀಟಿ ಕೊಟ್ಟರೆ ನನ್ನ ಗಳಿಕೆ ನಾನು ತೋರಿಸಬೇಕಾಗುತ್ತಲ್ಲ ಮಗೂ. ಚೀಟಿ ಬೇಕೇ ಬೇಕು ಅಂದರೆ ಎಣ್ಣೆಗೆ ಒಂದೂವರೆಪಟ್ಟು ಬೆಲೆ ಕೊಡು."

ಹೀಗಾಗಿ ಒಗಟಿನ ದಿನ ದ್ಯಾವಣ್ಣ ಆಸ್ಥಾನದಲ್ಲಿ ಸಾಲಿನ ಕೊನೆಗೆ ನಿಂತ. ನಿಂಗಾಜಮ್ಮ ಬೇಡವೆನ್ನಲಿಲ್ಲ. "ತಲೆ ತಗ್ಗಿಸಿ ಮಾತಾಡಬೇಡ" ಎಂದಷ್ಟೇ ಹೇಳಿ ಕಳಿಸಿದ್ದಳು.

ಮುಂದೆ ಮೂವರಿದ್ದರು: ನೆರೆರಾಜ್ಯದ ಯುವರಾಜ, ಜವಳಿ ಶೆಟ್ಟಿ, ಒಬ್ಬ ಶಾಸ್ತ್ರಿ. ಶೆಟ್ಟಿ ಹಿಂದೆ ತಿರುಗಿ, "ನೀನೂ ಅಳಿಯನಾಗೋಕೆ ಬಂದೆಯೇನೋ ಜಾಗಟೆ?" ಎಂದ.

"ಇಲ್ಲ ಸ್ವಾಮಿ, ಎಣ್ಣೆಗೆ ಬಂದೆ" ಎಂದ ದ್ಯಾವಣ್ಣ. ಶೆಟ್ಟಿಗೆ ಅರ್ಥವಾಗಲಿಲ್ಲ.

ದೊರೆ ಯುವರಾಜನನ್ನು ಕೇಳಿದ: "ಒಂದು ಮನೆ. ಒಲೆ ಹಚ್ಚುವ ಮುನ್ನವೇ ಒಬ್ಬ ಉಂಡು ಎದ್ದಿರುತ್ತಾನೆ. ಅವನಿಗೆ ಯಾರೂ ಎಲೆ ಹಾಕಿಲ್ಲ, ಯಾರೂ ಬಡಿಸಿಲ್ಲ, ಮನೆಯವರು ಅವನ ಮುಖ ಕಂಡಿಲ್ಲ. ಯಾರವನು?"

"ಇಲಿ."

"ಇಲಿಯ ಮುಖ ಕಾಣದ ಮನೆ ಯಾವುದಿದೆ?" ಎಂದ ದೊರೆ. ಭಟರು ಯುವರಾಜನ ತೋಳು ಹಿಡಿದರು.

ಎರಡನೆಯದು ಶೆಟ್ಟಿಗೆ. "ಕೊಟ್ಟವನು ಹೆಚ್ಚು ಕೊಟ್ಟ, ಪಡೆದವನು ಕೈಮುಗಿದು ಪಡೆದ. ಮನೆಗೆ ಒಯ್ದು ಸುರಿದರೆ ಮೊದಲಿಗಿಂತ ಕಡಿಮೆ. ದಾರಿಯಲ್ಲಿ ಕಳ್ಳರಿಲ್ಲ. ಏನದು?"

"ಕರ್ಪೂರ, ಮಹಾಪ್ರಭು. ದಾರಿಯಲ್ಲೇ ಹಾರಿಹೋಗುತ್ತದೆ."

"ಅದು ಹಾರಿಹೋದರೂ ಮನೆಯಲ್ಲಿ ಮೊದಲೇ ಇದ್ದದ್ದು ಕಡಿಮೆಯಾಗುವುದಿಲ್ಲವಲ್ಲ." ಶೆಟ್ಟಿಯನ್ನೂ ಒಯ್ದರು. ಹೋಗುತ್ತ ಅವನು ದ್ಯಾವಣ್ಣನ ಕಡೆ ನೋಡಲಿಲ್ಲ.

ಶಾಸ್ತ್ರಿಗೆ ಮೂರನೆಯದು. "ನನ್ನ ರಾಜ್ಯದಲ್ಲಿ ಸುಳ್ಳು ಹೇಳಲು ದಾರಿಯೇ ಇಲ್ಲದವನು ಒಬ್ಬನಿದ್ದಾನೆ. ಎಲ್ಲರಿಗಿಂತ ಹೆಚ್ಚು ಸಾಕ್ಷಿ ಕೇಳುವುದು ಅವನನ್ನೇ. ಯಾರು?"

"ಹಾಲುಗೂಸು."

"ಹಾಲುಗೂಸನ್ನು ಯಾರು ಸಾಕ್ಷಿ ಕೇಳುತ್ತಾರೆ, ಶಾಸ್ತ್ರಿಗಳೇ?"

ಹೊರಗೆ ಅಂಗಳದಲ್ಲಿ ಮೂರು ಸಲ ಕತ್ತಿ ಎದ್ದು ಇಳಿಯಿತು. ಯಾರೂ ಬಿಡಿಸದ ಮೂರು ಒಗಟೂ ಈಗ ದ್ಯಾವಣ್ಣನ ಪಾಲಿಗೆ ಬಂದಿದ್ದವು.

"ಮೊದಲನೆಯವನು ನಿಮ್ಮ ಕಂದಾಯ, ದೊರೆಗಳೇ. ಸಂಬಳ ನಮ್ಮ ಕೈಗೆ ಬರುವ ಮುಂಚೆಯೇ ಖಜಾನೆಯಲ್ಲಿ ಮುರಿದುಕೊಳ್ಳುತ್ತಾರೆ. ನಮ್ಮವ್ವ ಅಕ್ಕಿ ತೊಳೆಯುವ ಹೊತ್ತಿಗೆ ಅವನ ಊಟ ಆಗಿರುತ್ತದೆ. ಎರಡನೆಯದು ಸಂಬಳದ ಏರಿಕೆ. ಹನ್ನೆರಡಿದ್ದದ್ದು ಹದಿಮೂರಾಯಿತು, ಮನೆಗೆ ಬಂದದ್ದು ಹನ್ನೊಂದು."

"ಮೂರನೆಯದು?"

"ನಾನು. ನನ್ನ ಸಂಬಳ ಬರೆಯುವವರು ನೀವು, ಕೊಡುವವರು ನೀವು, ಮುರಿಯುವವರೂ ನೀವು. ಒಂದು ಕಾಸು ಬಚ್ಚಿಡಲು ನನಗೆ ದಾರಿಯಿಲ್ಲ. ಶೆಟ್ಟರು ಗಳಿಕೆ ಇಷ್ಟೇ ಅಂದರೆ ನಂಬುತ್ತೀರಿ. ನಮ್ಮಪ್ಪನ ಕೈ ಬಿದ್ದಿದೆ ಅಂದರೆ ಚೀಟಿ ಕೇಳುತ್ತೀರಿ."

ದೊರೆ ಸಿಂಹಾಸನದಿಂದ ಮುಂದೆ ಬಾಗಿ, "ಮೂರೂ ಸರಿ" ಎಂದ. "ಇಷ್ಟು ಬುದ್ಧಿ ಎಲ್ಲಿ ಕಲಿತೆ?"

"ಇದಕ್ಕೆ ಬುದ್ಧಿ ಬೇಡ. ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತು."

"ಎಲ್ಲರಿಗೂ?"

"ನೀರು ಹೊರುವ ಹೆಂಗಸರಿಗೂ."

"ವರ ಕೇಳು."

"ಹನ್ನೆರಡರ ಆ ಗೆರೆಯನ್ನು ಹದಿನೈದಕ್ಕೆ ಸರಿಸಿ. ಇಡೀ ಕೇರಿ ಉಸಿರಾಡುತ್ತದೆ."

"ಒಗಟು ಬಿಡಿಸಿದವನು ನೀನೊಬ್ಬ. ವರವೂ ಒಬ್ಬನಿಗೇ. ನಿನ್ನ ಮನೆಗೆ ಏನು ಬೇಕೋ ಹೇಳು."

ಹಾಸಿಗೆಯ ಮೇಲೆ ಸತ್ತ ಮೀನಿನ ಹಾಗೆ ಬಿದ್ದಿದ್ದ ಅಪ್ಪನ ಕೈ ದ್ಯಾವಣ್ಣನ ಕಣ್ಣಿಗೆ ಕಟ್ಟಿತು. ಯುಗಾದಿಗೆ ಇನ್ನು ಹತ್ತೊಂಬತ್ತು ದಿನ.

"ನನ್ನ ಮನೆಗೆ ಕಂದಾಯ ಬೇಡ" ಎಂದ. ತಲೆ ತಗ್ಗಿತ್ತು.

"ಕೊಟ್ಟೆ, ನೀನಿರುವವರೆಗೆ." ದೊರೆ ಮಂತ್ರಿಯ ಕಡೆ ತಿರುಗಿದ. "ಇವರಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾದ ದಿನ ದಂಗೆ ಏಳುತ್ತಾರೆ ಅಂತ ಇಷ್ಟು ವರ್ಷ ಹೆದರಿಸಿದಿರಲ್ಲ."

ಮಂತ್ರಿ ತಡವರಿಸಿದ. "ಗೊತ್ತಿದ್ದೂ ಕೊಡುತ್ತಿದ್ದಾರೆ ಅಂತಾಯಿತು, ಮಹಾಪ್ರಭು."

"ಅದನ್ನೇ ತಿಳಿಯಬೇಕಿತ್ತು ನನಗೆ. ಎರಡು ವರಹ ಇದ್ದ ಕಂದಾಯ ಬರುವ ತಿಂಗಳಿಂದ ಮೂರಾಗಲಿ."

ಯುಗಾದಿಯ ಹೊತ್ತಿಗೆ ಅಪ್ಪನ ಬೆರಳುಗಳು ಅಲುಗಿದವು, ಆಮೇಲೆ ಅವನು ತುತ್ತನ್ನೂ ತಾನೇ ಎತ್ತಿದ. ನಿಂಗಾಜಮ್ಮ ಆ ದಿನವನ್ನೂ ಬರೆದಿಟ್ಟಳು. ಹೋಳಿಗೆ ಮಾಡಿ ನೆರೆಮನೆಗಳಿಗೆ ಕಳಿಸಿದರೆ ತಟ್ಟೆಗಳು ಮುಚ್ಚಿದ್ದು ಮುಚ್ಚಿದಂತೆಯೇ ತಿರುಗಿ ಬಂದವು. ಬೇಲಿಯಾಚೆ ರಾಗಿ ಕೇರುತ್ತಿದ್ದ ಕೆಂಚವ್ವ, ಚಿಕ್ಕಂದಿನಲ್ಲಿ ದ್ಯಾವಣ್ಣನನ್ನು ಎತ್ತಿ ಆಡಿಸಿದ್ದವಳು, ಮೊರದಿಂದ ಕಣ್ಣೆತ್ತದೆ ಹೇಳಿದಳು:

"ಉತ್ತರ ಬಲು ಚೆನ್ನಾಗಿ ಹೇಳಿದೆಯಂತೆ ಕಣಪ್ಪ."