ಅರ್ಧ ಹೇಳಿದ ಶಬ್ದ

ಹೊಳೆಯ ದಂಡೆಯ ಮೇಲೆ ಅಡವಯ್ಯ ಅಜ್ಜನವರ ಮಠವಿತ್ತು. ಮಠ ಅಂದರೆ ಎರಡು ಕೋಣೆ, ಒಂದು ಅಡಿಗೆಮನೆ, ನೀರಿಗಿಳಿಯಲು ಆರು ಮೆಟ್ಟಿಲು. ಅಷ್ಟೇ.

ಅಜ್ಜನವರು ಮೊದಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದವರು. ಮಾಸ್ತರಿಕೆ ಬಿಟ್ಟು ಹೊಳೆಗೆ ಬಂದರೂ ಕಲಿಸುವುದನ್ನು ಬಿಟ್ಟಿರಲಿಲ್ಲ. ಮಂತ್ರ ಕೇಳಿ ಬಂದವರಿಗೆ ಮಂತ್ರ, ಇಂಗ್ಲಿಷ್ ಕೇಳಿ ಬಂದವರಿಗೆ ಇಂಗ್ಲಿಷ್. ಎರಡಕ್ಕೂ ಅವರದು ಒಂದೇ ಕಟ್ಟಳೆ. ದಿನಕ್ಕೆ ಒಂದು ಶಬ್ದ. ಮರುದಿನದವರೆಗೆ ಅದರ ಸಂಗಡ ಇರಬೇಕು.

ಸಾವಂತ್ರೆವ್ವ ಅಲ್ಲಿಗೆ ಬಂದದ್ದು ತನ್ನ ತಾಯಿ ತೀರಿಕೊಂಡ ವರ್ಷ. ಆಗ ಅವಳಿಗೆ ನಲವತ್ತು ತುಂಬಿರಲಿಲ್ಲ. ಗಂಡನ ಮನೆಯವರು ಬಿಟ್ಟು ಹದಿನೈದು ವರ್ಷವಾಗಿತ್ತು. ತನ್ನವರು ಅಂತ ಯಾರೂ ಉಳಿದಿರಲಿಲ್ಲ. ಕೈಯಲ್ಲಿ ಒಂದು ತಗಡಿನ ಟ್ರಂಕು.

“ಅಡಿಗಿ ಮಾಡ್ಕೊಂಡು ಇರ್ತೀನ್ರಿ ಅಜ್ಜಾರ,” ಅಂದಳು. “ನನಗ ಇಂಗ್ಲಿಷ್ ಓದಾಕ ಕಲಿಸ್ರಿ.”

“ಮಂತ್ರ ಬ್ಯಾಡೇನವಾ?”

“ಬ್ಯಾಡ್ರಿ.”

“ಇಂಗ್ಲಿಷ್ ಯಾಕ?”

ಅವಳು ಟ್ರಂಕಿನ ಕಡೆ ನೋಡಿದಳು.

“ಆತು,” ಅಂದರು ಅಜ್ಜನವರು. “ನಾಳಿಂದ ಬಾ.”

ಎ ಬಿ ಸಿ ಡಿ ಕೈಗೆ ಹತ್ತುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಆಮೇಲೆ ಅವಳೇ ಶಬ್ದ ತರತೊಡಗಿದಳು. ಅಂಗೈ ಮೇಲೆ ಇದ್ದಿಲಿನಿಂದ ಬರೆದುಕೊಂಡು ಬರುವಳು. ಒಂದು ದಿನ ಸಾಬೂನಿನ ಕಾಗದದ ಮೇಲಿನದು, ಇನ್ನೊಂದು ದಿನ ಗೊಬ್ಬರದ ಚೀಲದ ಮೇಲಿನದು. ನಡುನಡುವೆ, ಎಲ್ಲಿಯದೆಂದು ಹೇಳದ ಒಂದು.

“ಫೀಮೇಲ್ ಅಂದ್ರ ಏನ್ರಿ?”

“ಹೆಣ್ಣು.”

ಅವತ್ತು ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಅಜ್ಜನವರು ಸುಮ್ಮನೆ ಉಂಡರು.

ತಿಂಗಳುಗಳು ಕಳೆದ ಮೇಲೆ ಇನ್ನೊಂದು ಬಂತು.

“ಬಾರ್ನ್ ಅಂದ್ರ?”

“ಹುಟ್ಟಿದ್ದು.”

ಮಠಕ್ಕೆ ಬರುವ ಹೆಂಗಸರು ಅವಳನ್ನು ಮಾತಿಗೆಳೆಯುತ್ತಿದ್ದರು. ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತಿದ್ದರು. ಎರಡನೆಯ ಪ್ರಶ್ನೆಗೆ ಅವಳು ಒಲೆ ಉರಿ ನೋಡುವ ನೆವದಿಂದ ಎದ್ದು ಹೋಗುವಳು. ಎಲ್ಲರದೂ ಊಟವಾದ ಮೇಲೆ ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುವಳು. ನಾಲ್ಕು ವರ್ಷದಲ್ಲಿ ಅವಳ ಪಕ್ಕದಲ್ಲಿ ಯಾರೂ ಕೂತು ಉಂಡಿರಲಿಲ್ಲ.

ನಾಲ್ಕನೆಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ಅಂಗೈ ಚಾಚಿದಳು.

“ಸ್ಟಿಲ್ ಅಂದ್ರ ಏನ್ರಿ ಅಜ್ಜಾರ?”

ಅಜ್ಜನವರು ಆ ಕಪ್ಪು ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಅವಳನ್ನು ಮೆಟ್ಟಿಲಿಗೆ ಕರೆದುಕೊಂಡು ಹೋದರು. ಹೊಳೆ ಬತ್ತಿತ್ತು. ಮಡುವಿನಲ್ಲಿ ಮಾತ್ರ ನೀರು ಉಳಿದಿತ್ತು. ಒಂದು ಸುಕ್ಕು ಕೂಡ ಇರಲಿಲ್ಲ.

“ಇದು ಸ್ಟಿಲ್ ವಾಟರ್,” ಅಂದರು. “ಅಲುಗದ ನೀರು. ಗಾಳಿ ಆಡದಿದ್ರ ಸ್ಟಿಲ್ ಏರ್. ಸಾಲ್ಯಾಗ ಮಾಸ್ತರ ಸಿಟ್ ಸ್ಟಿಲ್ ಅಂತಾನ. ಮಿಸುಕಬ್ಯಾಡ, ಹಂಗ ಕೂಡು ಅಂತ.”

“ಶಾಂತ ಅಂದಂಗರಿ?”

“ಹೂಂ. ಶಾಂತ ಅಂತನೂ ಆಕ್ಕೈತಿ.”

“ಮತ್ತೇನರ ಅರ್ಥ ಐತೇನ್ರಿ?”

“‘ಇನ್ನೂ’ ಅಂತ ಒಂದ್ ಐತಿ. ಐ ಆಮ್ ಸ್ಟಿಲ್ ಹಿಯರ್ ಅಂದ್ರ, ನಾ ಇನ್ನೂ ಇಲ್ಲೇ ಅದೀನಿ. ಅದು ಗುಣವಾಚಕ ಅಲ್ಲ. ಅದರ ಬಳಕೀನ ಬ್ಯಾರೆ.”

“ಅಷ್ಟೇನ್ರಿ?”

ಅಜ್ಜನವರು ನೀರಿನ ಕಡೆ ತಿರುಗಿದರು.

“ಇವತ್ತಿಗೆ ಅಷ್ಟು.”

ಮರುದಿನ ಅವಳು ಶಬ್ದ ತರಲಿಲ್ಲ. ಅದರ ಮರುದಿನವೂ ಇಲ್ಲ. ಅಡಿಗೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಆದರೆ ಅವಳ ತಾಟು ತೊಳೆದು ಬೋರಲು ಹಾಕಿದ್ದು ಹಾಗೇ ಇರುತ್ತಿತ್ತು. ಕೆಲಸ ಮುಗಿದರೆ ಕೆಳಗಿನ ಮೆಟ್ಟಿಲಲ್ಲಿ ಹೋಗಿ ಕೂಡುವಳು. ಯಾರಾದರೂ ನೀರಿಗೆ ಬಂದರೆ ಸೆರಗು ಮುಖಕ್ಕೆ ಎಳೆದುಕೊಳ್ಳುವಳು.

ನಾಲ್ಕನೆಯ ದಿನ ಅಜ್ಜನವರೇ ಅಡಿಗೆಮನೆಗೆ ಬಂದರು. ಅವಳು ಬಂದ ಮೇಲೆ ಅವರು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಮಣೆ ಎಳೆದುಕೊಂಡು ಕೂತರು.

“ಶಬ್ದ ತರಲಿಲ್ಲಲ್ಲವಾ.”

“ಮುಗದಾವ್ರಿ.”

“ಎಲ್ಲಾ ತಿಳೀತೇನು?”

“ತಿಳೀತ್ರಿ.” ಅವಳು ಹಿಟ್ಟಿನ ಕೈ ಒರೆಸಿಕೊಂಡಳು. “ತಿಳೀದಿದ್ರ ಚಲೋ ಇತ್ರಿ.”

ಅಜ್ಜನವರು ಕಾದರು. ಒಲೆಯಲ್ಲಿ ಕಟ್ಟಿಗೆ ಉರಿದು ಕೆಂಡವಾಯಿತು. ಆಗ ಅವಳು ಹೇಳತೊಡಗಿದಳು, ಅವರ ಮುಖ ನೋಡದೆ.

“ದವಾಖಾನ್ಯಾಗ ನನಗ ಖಬರ್ ಇರಲಿಲ್ರಿ. ಎರಡ ದಿನಾ ಹಂಗ ಬಿದ್ದಿದ್ನಂತ. ಎಚ್ಚರಾಗಿ ಕೂಸು ಎಲ್ಲಿ ಅಂದ್ರ, ಅತ್ತಿ ಹೇಳಿದ್ಳು. ‘ಬಗಲಾಗ ಹಾಕಿದ್ವಿ, ಅತ್ತೂ ಅತ್ತೂ ಸತ್ತುಹೋತು. ನೀ ಹೆಣದಂಗ ಮಲಗಿದ್ದಿ’ ಅಂತ. ಗಂಡೋ ಹೆಣ್ಣೋ ಅಂತನೂ ಹೇಳಲಿಲ್ರಿ. ಹೆಣ್ಣಂತ ಗೊತ್ತಾಗಿದ್ದು ನಿಮ್ಮಿಂದನ.”

“ಮುಂದ?”

“ಕೂಸಿನ್ನ ತಿಂದಾಕಿ ಅಂತ ಹೆಸರಿಟ್ಟು ಕಳಿಸಿದ್ರು. ಬರುವಾಗ ದವಾಖಾನಿ ಚೀಟಿ ಒಂದ್ ತಂದಿದ್ನಿ. ಯಾರಿಗೂ ತೋರಿಸಲಿಲ್ರಿ. ನನ್ನ ತಪ್ಪು ಇಂಗ್ಲಿಷ್‌ನ್ಯಾಗ ಬರದಾರೇನೋ ಅಂತ ಹೆದರಿಕಿ. ನಾನ ಓದಬೇಕು, ಮಂದಿ ಬಾಯಾಗ ಕೇಳಬಾರದು ಅಂತ ಇಲ್ಲಿಗೆ ಬಂದ್ನಿ.”

“ಓದಿದ್ಯಾ?”

“ಓದಿದ್ನಿ. ಸ್ಟಿಲ್ ಬಾರ್ನ್ ಅಂತ ಐತ್ರಿ. ಶಾಂತ ಕೂಸ ಹುಟ್ಟಿತ್ತಲ್ರಿ ಅಜ್ಜಾರ. ಹಟಾ ಮಾಡೂ ಕೂಸಲ್ಲ ಅದು. ಅಂಥಾದ್ದೂ ಅತ್ತೈತಿ ಅಂದ್ರ, ಎಷ್ಟು ಸಂಕಟ ಆಗಿರಬೇಕು. ಬಗಲಾಗಿದ್ದೂ ನಾ ಏಳಲಿಲ್ರಿ.”

ಅಜ್ಜನವರು ಕಣ್ಣು ಮುಚ್ಚಿದರು.

“ಚೀಟಿ ತಾ.”

ಅವಳು ಟ್ರಂಕು ತೆರೆದಳು. ತಾಯಿಯ ಇಳಕಲ್ ಸೀರೆಯ ಮಡಿಕೆಯೊಳಗಿಂದ ಒಂದು ಕಾಗದ ಹೊರಬಂತು. ಮಡಚಿದಲ್ಲೆಲ್ಲ ಹರಿದಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವಳು ಅದನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಅದೇ ಮೊದಲು. ಕೊಟ್ಟ ಮೇಲೂ ಒಂದು ತುದಿಯನ್ನು ಬಿಡಲಿಲ್ಲ.

ಅಜ್ಜನವರು ಹಾಗೇ ಓದಿದರು. ಎರಡು ಸಲ ಓದಿದರು.

“ತಪ್ಪು ಮಾಡಿದೆ ಸಾವಂತ್ರಿ,” ಅಂದರು.

“ನಾ ಮಾಡಿದ್ದಲ್ಲೇನ್ರಿ?”

“ಅಲ್ಲ. ನಾ ಮಾಡಿದ್ದು. ಫೀಮೇಲ್ ಕೇಳಿದಿ, ಬಾರ್ನ್ ಕೇಳಿದಿ, ಕಡೀಕ ಈ ಶಬ್ದ ತಂದಿ. ಅವತ್ತ ನನಗ ಗೊತ್ತಾತು. ಹೇಳಾಕ ಧೈರ್ಯ ಸಾಲಲಿಲ್ಲ. ನೀರು ತೋರಿಸಿ, ಅರ್ಧ ಹೇಳಿ ಕಳಿಸಿದೆ.”

ಅವಳು ಮೊದಲ ಸಲ ಅವರ ಮುಖ ನೋಡಿದಳು.

“ಆ ಎರಡು ಶಬ್ದ ಬಿಡಿಯಾಗಿದ್ರ ಒಂದರ್ಥ. ಕೂಡಿದ್ರ ಬ್ಯಾರೇನ ಅರ್ಥ. ಸ್ಟಿಲ್ ಬಾರ್ನ್ ಅಂದ್ರ ಶಾಂತ ಕೂಸಲ್ಲವಾ. ಹೊಟ್ಟ್ಯಾಗ ಇದ್ದಾಗನ ಜೀವ ಹೋದ ಕೂಸು. ಹೊರಗ ಬರುವಾಗ ಅದಕ್ಕ ಉಸಿರ ಇರಲಿಲ್ಲ.”

ಸಾವಂತ್ರೆವ್ವ ಕಾಗದದ ತುದಿ ಬಿಟ್ಟಳು.

“ಡಾಕ್ಟರ್ ಬರದಾರ?”

“ಬರದಾರ. ಸಹಿ ಐತಿ.”

“ಹಂಗಾರ ಬಗಲಾಗ ಹಾಕಿದ್ದು?”

“ಹಾಕಿದ್ರೋ ಇಲ್ಲೋ ನನಗ ತಿಳೀದು. ಹಾಕಿದ್ರೂ ಸತ್ತ ಕೂಸನ್ನ ಹಾಕಿರಬೇಕು.”

“ಅತ್ತಿ ಯಾಕ ಹಂಗಂದ್ಳರಿ?”

“ಅದು ಈ ಚೀಟ್ಯಾಗ ಇಲ್ಲವಾ.”

ಅವಳು ಗೋಡೆಗೆ ಒರಗಿದಳು. ಕೈಯೆರಡೂ ಮಡಿಲಲ್ಲಿ ಅಂಗಾತ ಬಿದ್ದವು.

“ಅದು ಅಳಲಿಲ್ಲರಿ?”

“ಇಲ್ಲ.”

“ಒಮ್ಮೆನೂ?”

“ಒಮ್ಮೆನೂ ಇಲ್ಲ.”

ಹೊರಗೆ ಯಾರೋ ಕೊಡ ತುಂಬಿಕೊಂಡು ಮೆಟ್ಟಿಲು ಹತ್ತಿ ಹೋದರು. ಹೆಜ್ಜೆ ಸಪ್ಪಳ ದೂರವಾಯಿತು. ಆಮೇಲೆ ಅವಳು ಕೇಳಿದಳು. ದನಿ ತೀರ ಸಣ್ಣದಾಗಿತ್ತು.

“ಮತ್ತ ನನಗ ಕೇಳಿಸ್ತೈತಲ್ರಿ ಅಜ್ಜಾರ. ರೊಟ್ಟಿ ಬಡಿವಾಗ ಕೇಳಿಸ್ತೈತಿ, ನೀರು ಸೇದುವಾಗ ಕೇಳಿಸ್ತೈತಿ. ಹತ್ತೊಂಬತ್ತು ವರ್ಷಾತು, ಒಂದ್ ದಿನಾ ನಿಂತಿಲ್ರಿ. ಕೂಸು ಅಳಲಿಲ್ಲ ಅಂದ್ರ, ಆ ಅಳು ಯಾರದ್ರಿ?”

ಅಜ್ಜನವರು ಮಣೆಯನ್ನು ಅವಳ ಪಕ್ಕಕ್ಕೆ ಸರಿಸಿಕೊಂಡರು. ಅವಳ ತಲೆಯ ಮೇಲೆ ಕೈಯಿಟ್ಟರು.

“ನಿಂದ ಅಳು, ನನ್ನವ್ವಾ. ನಿನ್ನನ್ನ ಯಾರೂ ಎತ್ತಿಕೊಳ್ಳಲಿಲ್ಲ.”