ಇಟ್ಟಿಗೆ ಹೊತ್ತ ಕತ್ತೆಗಳು

ಶಿಷ್ಯ ಕೇಳಿದ: "ಗುರುಗಳೇ, ಮೂಕಪ್ರಾಣಿಗಳಿಗಾಗಿ ನಾವು ಕೆಲವರು ಸಂಘ ಕಟ್ಟಿದ್ದೇವೆ. ಯಾರೂ ಕೂಲಿ ಪಡೆಯುವುದಿಲ್ಲ. ಆದರೂ ನಮ್ಮನ್ನು ಕಂಡರೆ ಊರಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ಸಂಘದ ಮುಂದಾಳು ನಾನು. ಏನು ಮಾಡಲಿ?"

ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಬೆಟ್ಟದ ಬುಡದಲ್ಲಿ ಒಂದು ಪೇಟೆ. ಬೆಟ್ಟದ ಮೇಲೆ ದೇಸಾಯಿಯವರ ಕೋಟೆ. ಕೋಟೆಯ ಗೋಡೆ ರಿಪೇರಿ ನಡೆದಿತ್ತು. ಇಟ್ಟಿಗೆಯೂ ಇಟ್ಟಿಗೆ ಪುಡಿಯೂ ಕತ್ತೆಗಳ ಬೆನ್ನೇರಿ ಮೇಲೆ ಹೋಗುತ್ತಿದ್ದವು. ಏರು ಕಡಿದು, ಬಿಸಿಲು ಜೋರು. ಕತ್ತೆಗಳ ಬೆನ್ನು ಹುಣ್ಣಾಗಿತ್ತು.

ಪೇಟೆಯಲ್ಲಿ ಸಂಕವ್ವ ಎಂಬ ಬಳೆಗಾರ್ತಿ ಇದ್ದಳು. ಅವಳಿಗೆ ಇದನ್ನು ನೋಡಲಾಗಲಿಲ್ಲ. ಒಬ್ಬ ದರ್ಜಿಯನ್ನೂ ಒಬ್ಬ ಹಾಡುಗಾರನನ್ನೂ ಇನ್ನು ಕೆಲವರನ್ನೂ ಸೇರಿಸಿ ಒಂದು ಸಂಘ ಕಟ್ಟಿದಳು. ಎಲ್ಲರೂ ದೇಸಾಯಿಯವರ ಬಳಿ ಹೋಗಿ, ಏರಿನ ನಡುವೆ ಕತ್ತೆಗಳಿಗೆ ಒಂದು ತಂಗುದಾಣ ಬೇಕು ಎಂದರು.

ದೇಸಾಯಿಯವರು ಹೇಳಿದರು: "ಕತ್ತೆ ಸಾಕಿದವರೇ ಸುಮ್ಮನಿದ್ದಾರೆ. ನಿಮಗೇಕೆ ಉಸಾಬರಿ?"

ಸಂಘದವರಿಗೆ ಸಿಟ್ಟು ಬಂತು. ದೇಸಾಯಿಯವರ ಮೇಲೆ ತೋರಿಸಲಾಗದ ಸಿಟ್ಟನ್ನು ಕತ್ತೆಯವರ ಮೇಲೆ ತೋರಿಸಿದರು. ಕತ್ತೆಯವರ ಹಿರಿಯ ಹುಲುಗಪ್ಪ. ಹಾಡುಗಾರ ಅವನ ಮೇಲೊಂದು ಲೇವಡಿಯ ಹಾಡು ಕಟ್ಟಿದ. ಹಾಡು ಚೆನ್ನಾಗಿತ್ತು. ಪೇಟೆಯ ಬಾಯಲ್ಲೆಲ್ಲ ಅದೇ ಆಯಿತು. ಹುಲುಗಪ್ಪನ ಹೆಂಡತಿ ನೀರಿಗೆ ಹೋಗುವುದನ್ನೂ ಬಿಟ್ಟಳು.

ಹುಲುಗಪ್ಪ ಪೇಟೆಯ ದಾರಿ ಬಿಟ್ಟು ಬೆಟ್ಟದ ಹಿಂದಿನ ಕಾಲುದಾರಿ ಹಿಡಿದ. ಅಲ್ಲಿ ಬರೀ ಸಡಿಲು ಕಲ್ಲು. ಒಂದು ಕತ್ತೆ ಜಾರಿ ಬಿದ್ದು ಕಾಲು ಸೀಳಿಕೊಂಡಿತು.

ಸುದ್ದಿ ಕೇಳಿ ಸಂಕವ್ವನಿಗೆ ಅನ್ನ ಸೇರಲಿಲ್ಲ. ಅವಳು ನೇರ ಹುಲುಗಪ್ಪನ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲಲ್ಲೇ ತಡೆದಳು.

"ಏನಕ್ಕಾ, ಹಾಡಲು ಬಂದೆಯಾ?"

"ಇಲ್ಲ ತಂಗಿ. ನಿನ್ನ ಗಂಡನ ಜೊತೆ ಬೆಟ್ಟ ಹತ್ತಬೇಕಿತ್ತು. ಬರಲೇ ಎಂದು ಕೇಳಲು ಬಂದೆ."

ಹುಲುಗಪ್ಪ ಒಳಗಿಂದ, "ಬರಲಿ ಬಿಡು. ಅರ್ಧ ದಾರಿಗೆ ತಾನೇ ಹಿಂದೆ ತಿರುಗುತ್ತಾಳೆ," ಎಂದ.

ಮರುದಿನ ಬೆಳಗ್ಗೆ ಹುಲುಗಪ್ಪ ಮತ್ತೆ ಪೇಟೆಯ ದಾರಿಯನ್ನೇ ಹಿಡಿದ. ಅವಳು ಕತ್ತೆಗಳ ಹಿಂದೆ ಹೊರಟಳು. ಅರ್ಧ ಏರಿನಲ್ಲಿ ಉಸಿರು ಕಟ್ಟಿ ಒಂದು ಬಂಡೆಯ ಮೇಲೆ ಕುಳಿತಳು. ಕತ್ತೆಗಳೂ ಏದುಸಿರು ಬಿಡುತ್ತಿದ್ದವು.

"ಇಲ್ಲಿ ಸ್ವಲ್ಪ ನಿಲ್ಲಿಸಬಾರದೇ, ಹುಲುಗಪ್ಪಾ?"

"ಹೊರೆ ಹೊತ್ತು ನಿಂತರೆ ಅದು ವಿಶ್ರಾಂತಿಯೇ, ಅವ್ವಾ? ಇಳಿಸಿದರೆ ಮತ್ತೆ ಎತ್ತಿ ಹೇರಬೇಕು. ನನಗಿರುವುದು ಎರಡೇ ಕೈ. ನಿಮ್ಮ ಹಾಡಿಗೆ ಹೇಳಿ, ಬಂದು ಒಂದು ಕಡೆ ಹಿಡಿಯಲಿ."

ಸಂಕವ್ವ ಮೊದಲು ಅವನ ಮುಖ ನೋಡಿದಳು. ಆಮೇಲೆ ಪಕ್ಕೆ ಹಿಡಿದುಕೊಂಡು ನಕ್ಕಳು. ಅವಳ ಉಸಿರು ಹದಕ್ಕೆ ಬರುವವರೆಗೆ ಹುಲುಗಪ್ಪ ಕಾದ. ಅವಳು ಕೋಟೆಯವರೆಗೂ ಹತ್ತಿದಳು.

ಸಂಜೆ ಅವಳು ಸಂಘದವರಿಗೆ ಹುಲುಗಪ್ಪನ ಆ ಮಾತನ್ನೇ ಹೇಳಿದಳು. ಹಾಡುಗಾರ ಮುಖ ಊದಿಸಿಕೊಂಡ. ಆದರೂ ಬೆಳಗಾದಾಗ ಎಲ್ಲರಿಗಿಂತ ಮೊದಲು ಬೆಟ್ಟದ ಬುಡದಲ್ಲಿ ನಿಂತಿದ್ದವನು ಅವನೇ.

ಅಂದಿನಿಂದ ಸಂಘದವರು ಸರದಿಯ ಮೇಲೆ ಏರಿನ ನಡುವೆ ನಿಂತರು. ಹೊರೆ ಇಳಿಸಿದರು, ಕತ್ತೆಗಳಿಗೆ ನೀರು ಕುಡಿಸಿದರು, ಮತ್ತೆ ಹೇರಿದರು. ಕೆಲಸ ಅವರಿಗೆ ಹೊಸದು. ದರ್ಜಿ ಕಟ್ಟಿದ ಗಂಟು ಮೊದಲ ದಿನವೇ ಬಿಚ್ಚಿಕೊಂಡಿತು. ಚೀಲ ಉರುಳಿ ಇಟ್ಟಿಗೆ ಪುಡಿಯೆಲ್ಲ ಅವನ ತಲೆಯ ಮೇಲೆ ಸುರಿಯಿತು. ಅವನು ಅಡಿಯಿಂದ ಮುಡಿಯವರೆಗೆ ಕೆಂಪಾಗಿ ನಿಂತ. ಕತ್ತೆ ಹಗುರಾಗಿ ತನ್ನ ಪಾಡಿಗೆ ಹುಲ್ಲಿನ ಕಡೆ ಹೋಯಿತು. ಹುಲುಗಪ್ಪ ನೆಲದ ಮೇಲೆ ಕುಳಿತು ನಕ್ಕ. ಹಾಡುಗಾರನಿಗೆ ತಡೆಯಲಾಗಲಿಲ್ಲ, ದರ್ಜಿಯ ಮೇಲೂ ಒಂದು ಹಾಡು ಕಟ್ಟಿದ. ಆ ವಾರ ಪೇಟೆ ದರ್ಜಿಯ ಹಾಡು ಹಾಡಿತು, ಹಳೆಯ ಹಾಡನ್ನು ಮರೆಯಿತು. ಹುಲುಗಪ್ಪನ ಹೆಂಡತಿ ಮತ್ತೆ ನೀರಿಗೆ ಬಂದಳು.

ಆದರೆ ಬಿಸಿಲಿನಲ್ಲಿ ಎಷ್ಟು ಕಾಲ ಹೀಗೆ ನಿಂತಾರು? ಸಂಕವ್ವ ಇನ್ನೊಮ್ಮೆ ದೇಸಾಯಿಯವರ ಬಳಿ ಹೋಗಬೇಕೆಂದಳು. ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಬಳೆ ತೊಡಿಸುವಾಗಲೂ ಮನಸ್ಸಿನಲ್ಲೇ ಹೇಳಿಕೊಂಡಳು.

ದೇಸಾಯಿಯವರು ಅವರನ್ನು ಕಂಡು ಹುಬ್ಬು ಗಂಟಿಕ್ಕಿದರು. "ಮತ್ತೆ ಬಂದಿರಾ? ಈ ಸಲ ಮಾತನಾಡುವವರು ಯಾರು?"

ಸಂಕವ್ವ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. ಹುಲುಗಪ್ಪ ಕತ್ತೆಯವರನ್ನೆಲ್ಲ ಕರೆದುಕೊಂಡು ಬಾಗಿಲಲ್ಲಿ ನಿಂತಿದ್ದ. ಅವನಿಗೆ ಯಾರೂ ಬಾ ಎಂದಿರಲಿಲ್ಲ.

"ಒಡೆಯರೇ, ಕತ್ತೆಗಳು ನಮ್ಮವು. ನಾವು ಹೇಳುತ್ತೇವೆ."

ಕಲಿತಿಟ್ಟುಕೊಂಡ ಮಾತೆಲ್ಲ ಸಂಕವ್ವನ ಗಂಟಲಲ್ಲೇ ಉಳಿಯಿತು. ಒಂದು ಕ್ಷಣ ಅವಳ ಮನಸ್ಸಿಗೆ ಚುಚ್ಚಿತು. ಮರುಕ್ಷಣ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು. ಹುಲುಗಪ್ಪ ಮಾತು ಬಲ್ಲವನಲ್ಲ. ತೊದಲುತ್ತ ಹೇಳಿದ. ಅವನು ತಡವರಿಸಿದಾಗ ಉಳಿದ ಕತ್ತೆಯವರು ಜೋಡಿಸಿದರು. ಈ ಸಲ ಕತ್ತೆ ಸಾಕಿದವರೇ ಕೇಳುತ್ತಿದ್ದರು; ದೇಸಾಯಿಯವರು ತಂಗುದಾಣಕ್ಕೆ ಒಪ್ಪಿದರು.

ಏರಿನ ನಡುವೆ ಕಲ್ಲಿನ ಮಂಟಪ ಎದ್ದಿತು. ಕತ್ತೆಯ ಬೆನ್ನಿನ ಎತ್ತರಕ್ಕೆ ಒಂದು ಕಟ್ಟೆ. ಹೊರೆಯನ್ನು ಅದರ ಮೇಲೆ ಜಾರಿಸಿದರೆ ಸಾಕು. ಪಕ್ಕದಲ್ಲಿ ನೀರಿನ ತೊಟ್ಟಿ. ಜನ ಅದನ್ನು ಹುಲುಗಪ್ಪನ ಮಂಟಪ ಎಂದರು. ಈಗಲೂ ಹಾಗೆಯೇ ಕರೆಯುತ್ತಾರೆ.

ಗುರು ಕತೆ ನಿಲ್ಲಿಸಿದರು. ಶಿಷ್ಯ ನಗುತ್ತಲೇ ಕೇಳುತ್ತಿದ್ದವನು ಈಗ ಹುಬ್ಬು ಗಂಟಿಕ್ಕಿದ.

"ಓಡಾಡಿದವಳು ಸಂಕವ್ವ. ಹೆಸರು ಬಂದದ್ದು ಹುಲುಗಪ್ಪನಿಗೆ. ಸಂಕವ್ವನಿಗೆ ಏನು ಬಂತು, ಗುರುಗಳೇ?"

ಗುರು ಹೇಳಿದರು: "ಕತ್ತೆಗಳಿಗೆ ನೆರಳು ಬಂತು."