ಡಬ್ಬಿಯ ದಾಕ್ಷಿಣ್ಯ

ಒಂದು ಹಳೆಯ ಕಾರು. ಅದರ ಎಂಜಿನ್ನನ್ನು ತಣ್ಣಗಿಡುವ ಕೂಲೆಂಟು ದ್ರವವನ್ನು ಒಯ್ಯುವ ರಬ್ಬರ್ ಪೈಪು ತುದಿಯಲ್ಲಿ ಸೀಳಿ ತೊಟ್ಟಿಕ್ಕತೊಡಗಿತು.

"ಅಣ್ಣಾ, ಯಾರಿಗೂ ತಿಳಿಯಬಾರದು. ತಿಳಿದರೆ ನನ್ನನ್ನು ಕಿತ್ತು ಗುಜರಿಗೆ ಹಾಕುತ್ತಾರೆ," ಎಂದು ಅದು ಪಕ್ಕದ ಕೂಲೆಂಟ್ ಡಬ್ಬಿಯನ್ನು ಗೋಗರೆಯಿತು.

ಡಬ್ಬಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಸೋರಿದಷ್ಟನ್ನೂ ದಿನವೂ ತನ್ನ ಹೊಟ್ಟೆಯಿಂದ ತುಂಬಿಕೊಟ್ಟಿತು. ಶಾಖ ತೋರಿಸುವ ಮುಳ್ಳು ಏರಲಿಲ್ಲ, ಯಜಮಾನನಿಗೆ ಸುಳಿವು ಸಿಗಲಿಲ್ಲ.

ಒಂದು ಬೆಳಿಗ್ಗೆ ಕಾರು ಘಾಟಿಯತ್ತ ಹೊರಟಿತು. ಡಬ್ಬಿಯ ತಳದಲ್ಲಿ ಉಳಿದದ್ದು ಒಂದೇ ಲೋಟ.

"ತಮ್ಮಾ, ಇನ್ನು ಕೊಡಲಾರೆ," ಎಂದಿತು ಡಬ್ಬಿ.

"ಇಷ್ಟು ದಿನ ಕಾಪಾಡಿ ಈಗ ಕೈಬಿಡುತ್ತೀಯಾ?"

"ನಾನು ಕಾಪಾಡಿದ್ದು ನಿನ್ನನ್ನಲ್ಲ, ನಿನ್ನ ಸೀಳನ್ನು. ಈಗದು ಬೆರಳುದ್ದ ಬೆಳೆದಿದೆ. ಘಾಟಿಯ ನಡುವೆ ಈ ಲೋಟವೂ ಮುಗಿದರೆ ಎಂಜಿನ್ ಸುಟ್ಟುಹೋಗುತ್ತದೆ. ಆಗ ಗುಜರಿಗೆ ಹೋಗುವುದು ನೀನೊಬ್ಬನೇ ಅಲ್ಲ, ನಾವೆಲ್ಲರೂ."

ಡಬ್ಬಿ ಬಾಯಿ ಬಿಗಿಯಿತು. ಘಾಟಿಯ ಬುಡದಲ್ಲೇ ಮುಳ್ಳು ಸರ್ರನೆ ಏರಿತು. ಯಜಮಾನ ಗಾಬರಿಯಾಗಿ ಅಲ್ಲೇ ಇದ್ದ ಗ್ಯಾರೇಜಿಗೆ ಗಾಡಿ ತಿರುಗಿಸಿದ.

ಮೆಕ್ಯಾನಿಕ್ ಹುಸೇನ್ ಸಾಬರು ಎಂಜಿನ್ ತಣ್ಣಗಾಗುವವರೆಗೆ ಕಾದು, ಪೈಪನ್ನು ಬಗ್ಗಿಸಿ ನೋಡಿದರು.

"ತುದಿ ಮಾತ್ರ ಹೋಗಿದೆ ಸ್ವಾಮಿ, ಮಿಕ್ಕಿದ್ದು ಗಟ್ಟಿಯಾಗಿದೆ," ಎಂದು ಅವರು ಸೀಳಿದಷ್ಟನ್ನೇ ಕತ್ತರಿಸಿ, ಅದೇ ಪೈಪನ್ನು ಮತ್ತೆ ಬಿಗಿದು, ಡಬ್ಬಿಗೆ ಕೂಲೆಂಟು ತುಂಬಿಸಿದರು. "ಮೊದಲೇ ಬಂದಿದ್ದರೆ ಉಗುರಿನಷ್ಟು ಕತ್ತರಿಸಿದರೆ ಸಾಕಿತ್ತು."

ಕಾರು ಘಾಟಿ ಹತ್ತತೊಡಗಿದಾಗ ಪೈಪು ಮೆಲ್ಲಗೆ ಕೇಳಿತು: "ಅಣ್ಣಾ, ಮೊದಲ ದಿನವೇ ಯಾಕೆ ಇಲ್ಲ ಅನ್ನಲಿಲ್ಲ?"

"ದಾಕ್ಷಿಣ್ಯಕ್ಕೆ ಬಿದ್ದೆ ತಮ್ಮಾ. ಇನ್ನು ಮೊದಲ ಹನಿಗೇ ಇಲ್ಲ ಅನ್ನುತ್ತೇನೆ," ಎಂದಿತು ಡಬ್ಬಿ.